ಶಾಲೆಯ ಟೆಲಿಸ್ಕೋಪ್ ಕೆಟ್ಟಿರಲಿಲ್ಲ

ಸಂಪಾದಕರಿಗೆ ನಮಸ್ಕಾರ.

ನಾನು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮೋಟಾರ್ ರೀವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಬೋರ್‌ವೆಲ್ ಮೋಟಾರ್, ಮಿಕ್ಸಿ, ಫ್ಯಾನ್, ಸ್ಟಾರ್ಟರ್, ಏನು ಸುಟ್ಟರೂ ನನ್ನ ಹತ್ತಿರ ಬರುತ್ತದೆ. 22 ವರ್ಷದಿಂದ ಇದೇ ಕೆಲಸ. ಈ ಜನವರಿ ಮೊದಲ ವಾರ ನಮ್ಮೂರ ಹೈಸ್ಕೂಲಿನಿಂದ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಬಂತು. "ಇದರ ಮೋಟಾರ್ ಹೋಗಿದೆ, ಸ್ವಲ್ಪ ನೋಡಿ" ಅಂತ ಹೇಳಿ ಕಳಿಸಿದ್ದರು. ಒಳಗಿದ್ದದ್ದು ಟೆಲಿಸ್ಕೋಪ್. ಕೈಯಲ್ಲಿ ಹಿಡಿಯುವ ರಿಮೋಟ್ ಒಂದು ಅದಕ್ಕೆ ವೈರಿನಿಂದ ಅಂಟಿಕೊಂಡಿತ್ತು. ರಿಮೋಟಿನಲ್ಲಿ ನಕ್ಷತ್ರದ ಹೆಸರು ಆರಿಸಿದರೆ ಮೋಟಾರ್ ಕೊಳವೆಯನ್ನು ಆ ಕಡೆ ತಿರುಗಿಸುತ್ತದೆ.

ಒಳಗಿದ್ದ ಎರಡು ಮೋಟಾರ್ ಬಿಚ್ಚಿ ನೋಡಿದೆ. ಎರಡೂ ಚೆನ್ನಾಗಿದ್ದವು. ಗೇರ್ ಹಲ್ಲು ಒಂದೂ ಸವೆದಿರಲಿಲ್ಲ. ಸವೆಯುವಷ್ಟು ಅದು ಓಡಿಯೇ ಇರಲಿಲ್ಲ. ಆ ರಿಮೋಟ್ ಆನ್ ಮಾಡಿದ ಕೂಡಲೇ ಕೇಳುವ ನಾಲ್ಕೈದು ಪ್ರಶ್ನೆಗೆ ಸರಿ ಉತ್ತರ ಕೊಡುವುದು ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ. ಅದೇ ವಿಷಯಕ್ಕೆ ಈ ಪತ್ರ ಬರೆಯುತ್ತಿದ್ದೇನೆ. ನಮ್ಮ ಶಾಲೆಯಂತೆ ಬೇರೆ ಕಡೆಯೂ ಒಳ್ಳೆಯ ಯಂತ್ರವನ್ನು ಕೆಟ್ಟಿದೆ ಅಂದುಕೊಂಡು ಬೀರುವಿನಲ್ಲಿ ಇಟ್ಟಿದ್ದರೆ, ಅದು ಹೊರಗೆ ಬರಲಿ ಅನ್ನುವುದು ನನ್ನ ಆಸೆ.

ಈ ಟೆಲಿಸ್ಕೋಪನ್ನು ಹೋದ ವರ್ಷ ಯಾರೋ ದಾನಿಗಳು ಕೊಟ್ಟಿದ್ದರು. ಫೋಟೋ ಆಯಿತು, ಶಾಲು ಹೊದಿಸಿದ್ದಾಯಿತು. ಬಂದವರು ಒಬ್ಬ ಮೇಷ್ಟ್ರಿಗೆ ಹತ್ತು ನಿಮಿಷ ತೋರಿಸಿಕೊಟ್ಟು ಹೋದರು, ಅದೂ ಹಗಲು ಹೊತ್ತಿನಲ್ಲಿ. ಆ ಮೇಷ್ಟ್ರಿಗೆ ಆಗಸ್ಟ್‌ನಲ್ಲಿ ವರ್ಗ ಆಯಿತು. ಜೊತೆಗೆ ಬಂದ ಪುಸ್ತಕ ಪೂರ್ತಿ ಇಂಗ್ಲಿಷ್. ಸ್ಟಾಕ್ ರಿಜಿಸ್ಟರ್‌ನಲ್ಲಿ ಬರೆದ ವಸ್ತು ಬೇರೆ, ಏನಾದರೂ ಮುರಿದರೆ ಹೆಡ್ ಮಾಸ್ಟರ್ ಉತ್ತರ ಕೊಡಬೇಕು. ಹಾಗಾಗಿ ಬೀರು ಸೇರಿತು.

ಡಿಸೆಂಬರ್ 5ರ ಸಂಜೆ ಈಗಿನ ವಿಜ್ಞಾನದ ಮೇಡಂ ಧೈರ್ಯ ಮಾಡಿ ಅದನ್ನು ಹೊರಗೆ ತೆಗೆದರು. ಹುಣ್ಣಿಮೆಯ ಮಾರನೇ ದಿನ. ನನ್ನ ಮಗಳು ಅಲ್ಲೇ ಒಂಬತ್ತನೇ ಕ್ಲಾಸು, ಹಾಗಾಗಿ ನಾನೂ ಹೋಗಿದ್ದೆ. 60 ಮಕ್ಕಳು, ಅವರ ಅಪ್ಪ ಅಮ್ಮ, ಅರ್ಧ ಊರೇ ಮೈದಾನದಲ್ಲಿತ್ತು. ಮೊದಲು ಎರಡು ನಕ್ಷತ್ರ ಹಿಡಿದು ಹೊಂದಿಸಿಕೊಟ್ಟರೆ ಉಳಿದದ್ದನ್ನು ಯಂತ್ರ ತಾನೇ ಹುಡುಕುತ್ತದೆ. ರಿಮೋಟ್ ಎರಡು ನಕ್ಷತ್ರದ ಹೆಸರು ತೋರಿಸಿ ಇವುಗಳ ಕಡೆ ತಿರುಗಿಸಿ ಅಂತು. ಒಂದು ಆರ್ಕ್ಟ್ಯೂರಸ್, ಇನ್ನೊಂದು ಸ್ಪೈಕಾ. ಮೇಡಂ ಮೊಬೈಲ್‌ನಲ್ಲಿ ನೋಡಿ, "ಆರ್ಕ್ಟ್ಯೂರಸ್ ಅಂದರೆ ಸ್ವಾತಿ, ಸ್ಪೈಕಾ ಅಂದರೆ ಚಿತ್ತೆ" ಅಂದರು. ಎಲ್ಲರೂ ತಲೆ ಎತ್ತಿ ಹುಡುಕಿದ್ದೇ ಹುಡುಕಿದ್ದು. ಹಿಂದೆ ಕಂಬಳಿ ಹೊದ್ದು ನಿಂತಿದ್ದ, ಕುರಿ ಕಾಯುವ ನಮ್ಮೂರ ಅಜ್ಜ ಒಬ್ಬರು ಹೇಳಿದರು: "ಸ್ವಾತಿ ಈಗೆಲ್ಲಿ ಐತವ್ವಾ? ಅದು ಹುಟ್ಟೋದು ಬೆಳಗಿನ ಜಾವಕ್ಕೆ."

ಅಜ್ಜನ ಮಾತು ಸರಿ ಇತ್ತು. ಡಿಸೆಂಬರ್ ಮೊದಲ ವಾರದಲ್ಲಿ ಸ್ವಾತಿ ಕಾಣುವುದು ರಾತ್ರಿ ಮೂರು ಗಂಟೆ ದಾಟಿದ ಮೇಲೆ. ಯಂತ್ರ ಯಾಕೆ ಹಾಗೆ ಹೇಳಿತು ಅಂತ ಅವತ್ತು ಯಾರಿಗೂ ಹೊಳೆಯಲಿಲ್ಲ. ಸುಮ್ನೆ ಬಾಣದ ಗುಂಡಿಗಳನ್ನು ಒತ್ತಿ ಒತ್ತಿ, ಕೊನೆಗೆ ರಿಮೋಟಿನ ದೀಪವೇ ಮಂಕಾಗಿ ಆಫ್ ಆಯಿತು. ಮಕ್ಕಳು ಚಂದ್ರನನ್ನು ಬರಿಗಣ್ಣಲ್ಲಿ ನೋಡಿಕೊಂಡು ಮನೆಗೆ ಹೋದರು. ಮೇಡಂ ಮುಖ ನೋಡಲು ನನಗೇ ಕಷ್ಟವಾಯಿತು. ತಪ್ಪು ಅವರದ್ದಲ್ಲ. ಯಾರೂ ಹೇಳಿಕೊಡದ ಕೆಲಸವನ್ನು ಅಷ್ಟು ಜನರ ಮುಂದೆ ಮಾಡಲು ನಿಂತರಲ್ಲ, ಅದೇ ದೊಡ್ಡದು.

ಜನವರಿಯಲ್ಲಿ ಪೆಟ್ಟಿಗೆ ಅಂಗಡಿಗೆ ಬಂದ ಮೇಲೆ ನಾನೂ ಮಗಳೂ ಸೇರಿ ಆ ಪುಸ್ತಕ ಬಿಡಿಸಿದೆವು. ಅವಳು ಓದಿ ಅರ್ಥ ಹೇಳುವುದು, ನಾನು ಯಂತ್ರದ ಮೇಲೆ ಮಾಡಿ ನೋಡುವುದು. ಒಂಬತ್ತು ರಾತ್ರಿ ಹಿಡಿಯಿತು.

ಮೊದಲ ರಾತ್ರಿಯೇ ಸ್ವಾತಿಯ ಗುಟ್ಟು ಬಯಲಾಯಿತು. ಈ ರಿಮೋಟಿಗೆ ಮೊದಲು ತಿಂಗಳು, ಆಮೇಲೆ ದಿನ ಕೊಡಬೇಕು. ಅಮೆರಿಕದವರು ಬರೆಯುವ ರೀತಿ. ನಾವು 5ನೇ ತಾರೀಕು 12ನೇ ತಿಂಗಳು ಅಂತ 05/12 ಒತ್ತಿದ್ದೆವು. ಅದು ಮೇ 12 ಅಂತ ತಿಳಿದುಕೊಂಡಿತು. ಮೇ ತಿಂಗಳ ಸಂಜೆ ಸ್ವಾತಿಯೂ ಚಿತ್ತೆಯೂ ಪೂರ್ವದಲ್ಲಿ ಚೆನ್ನಾಗಿ ಮೇಲೆ ಬಂದಿರುತ್ತವೆ. ಪಾಪ, ಯಂತ್ರ ತನಗೆ ಹೇಳಿದ ತಾರೀಕಿನ ಆಕಾಶವನ್ನು ಸರಿಯಾಗಿಯೇ ಹೇಳಿತ್ತು.

ಆಮೇಲೆ ಡೇಲೈಟ್ ಸೇವಿಂಗ್ ಅಂತ ಒಂದು ಪ್ರಶ್ನೆ. ಸೇವಿಂಗ್ ಅಂದ ಕೂಡಲೇ ಬ್ಯಾಟರಿ ಉಳಿಸುವ ವಿಷಯ ಅಂದುಕೊಂಡು ಅವತ್ತು ಎಸ್ ಒತ್ತಿದ್ದೆವು. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ, ಅಲ್ವಾ? ಬ್ಯಾಟರಿಗೂ ಅದಕ್ಕೂ ಸಂಬಂಧವೇ ಇಲ್ಲ. ಕೆಲವು ದೇಶಗಳಲ್ಲಿ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಟ್ಟುಕೊಳ್ಳುತ್ತಾರೆ. ನಮ್ಮಲ್ಲಿ ಆ ಪದ್ಧತಿ ಇಲ್ಲ. ನಾವು ಯಾವಾಗಲೂ ನೋ ಅನ್ನಬೇಕು. ಎಸ್ ಅಂದರೆ ಒಂದು ಗಂಟೆ ತಪ್ಪಿತು. ಒಂದು ಗಂಟೆಗೆ ಆಕಾಶ 15 ಡಿಗ್ರಿ ತಿರುಗುತ್ತದೆ.

ನಮ್ಮ ದೇಶದ ಸಮಯ ಗ್ರೀನ್‌ವಿಚ್ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ. ಅದನ್ನು +05:30 ಅಂತಲೇ ಕೊಡಬೇಕು. ಬರೀ 5 ಕೊಟ್ಟರೆ ಯಂತ್ರ ಅರ್ಧ ಗಂಟೆ ಮುಂದಿನ ಆಕಾಶದಲ್ಲಿ ಹುಡುಕುತ್ತದೆ, ಅಂದರೆ ಏಳೂವರೆ ಡಿಗ್ರಿ ಆಚೆ. ನಮ್ಮ ಟೆಲಿಸ್ಕೋಪಿನಲ್ಲಿ 25 ಎಂಎಂ ಐಪೀಸ್, ಅಂದರೆ ಕಣ್ಣಿಟ್ಟು ನೋಡುವ ಮಸೂರ, ಹಾಕಿದಾಗ ಕಾಣುವ ಆಕಾಶದ ತುಂಡು ಹೆಚ್ಚುಕಮ್ಮಿ 2 ಡಿಗ್ರಿ ಅಗಲ. ಏಳೂವರೆ ಡಿಗ್ರಿ ಆಚೆ ಇರುವುದು ಅದರೊಳಗೆ ಎಲ್ಲಿ ಸಿಗಬೇಕು? ಅರ್ಧ ಗಂಟೆ ತೆಗೆದುಕೊಳ್ಳದ ರಿಮೋಟ್ ಯಾರಿಗಾದರೂ ಸಿಕ್ಕಿದ್ದರೆ 5 ಕೊಟ್ಟು, ಗಡಿಯಾರವನ್ನು ಅರ್ಧ ಗಂಟೆ ಹಿಂದಕ್ಕೆ ಇಟ್ಟರೆ ಲೆಕ್ಕ ಸರಿಹೋಗುತ್ತದೆ.

ಊರಿನ ಜಾಗ, ಅಂದರೆ ಅಕ್ಷಾಂಶ ರೇಖಾಂಶ, ಕೊಡುವಾಗಲೂ ಎಡವಿದೆವು. ಮೊಬೈಲ್ ಮ್ಯಾಪ್ ಚಳ್ಳಕೆರೆಗೆ 14.31, 76.65 ಅಂತ ತೋರಿಸುತ್ತದೆ. ಮಗಳು ಹಾಗೇ ಒತ್ತಿದಳು. 14ರ ಮುಂದೆ 31 ತೆಗೆದುಕೊಂಡಿತು. 76ರ ಮುಂದೆ 65 ಒತ್ತಿದರೆ ತೆಗೆದುಕೊಳ್ಳಲೇ ಇಲ್ಲ. ಮೂರು ಸಲ ಒತ್ತಿದಳು. ಆಮೇಲೆ ಅವಳೇ, "ಅಪ್ಪಾ, ನಿಮಿಷ 60ರ ಮೇಲೆ ಇರಲ್ಲ ಅಲ್ವಾ, ಇದು ನಿಮಿಷ ಕೇಳ್ತಿದೆ" ಅಂದಳು. ಪಾಯಿಂಟಿನ ಮುಂದೆ ಇರುವುದನ್ನು 60ರಿಂದ ಗುಣಿಸಬೇಕು. ಆಗ 14 ಡಿಗ್ರಿ 19 ನಿಮಿಷ ಉತ್ತರ, 76 ಡಿಗ್ರಿ 39 ನಿಮಿಷ ಪೂರ್ವ. ಆ ಗುಣಾಕಾರ ಅವಳು ಬಾಯಲ್ಲೇ ಮಾಡಿದಳು. ಆ ಕ್ಷಣಕ್ಕೇ ಈ ಯಂತ್ರ ಶಾಲೆಗೆ ಕೊಟ್ಟದ್ದು ಸಾರ್ಥಕ ಅನ್ನಿಸಿತು ನನಗೆ.

ಇನ್ನು ಕರೆಂಟಿನ ವಿಷಯ. ಇದು ನನ್ನ ಕಸುಬು, ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಅವತ್ತು ಹಾಕಿದ್ದು ಅಂಗಡಿಯಲ್ಲಿ ಸಿಗುವ ಸಾದಾ ಪೆನ್ಸಿಲ್ ಸೆಲ್ ಎಂಟು. ಎಂಟು ಸೇರಿದರೆ 12 ವೋಲ್ಟ್. ಮೀಟರ್ ಹಿಡಿದರೆ 12 ತೋರಿಸುತ್ತದೆ, ಸರಿ. ಆದರೆ ಮೋಟಾರ್ ತಿರುಗಲು ಶುರುವಾದ ಕೂಡಲೇ ಲೋಡ್ ಎಳೆದು ವೋಲ್ಟೇಜ್ ಇಳಿಯುತ್ತದೆ. ರಿಮೋಟ್ ಅರ್ಧಕ್ಕೆ ಆಫ್ ಆಗಿ ಮತ್ತೆ ಆನ್ ಆಗುತ್ತದೆ, ಕೊಟ್ಟಿದ್ದೆಲ್ಲ ಮರೆಯುತ್ತದೆ, ಇಲ್ಲಾ ಹುಚ್ಚುಹುಚ್ಚಾಗಿ ತಿರುಗುತ್ತದೆ. ನೋಡುವವರಿಗೆ ಮೋಟಾರ್ ಕೆಟ್ಟ ಹಾಗೇ ಕಾಣುವುದು. ನಾನು ಹೊಲಕ್ಕೆ ಔಷಧಿ ಹೊಡೆಯುವ ಪಂಪಿನ ಬ್ಯಾಟರಿ ತೆಗೆದು ಹಾಕಿದೆ. 12 ವೋಲ್ಟ್, 8 ಆಂಪಿಯರ್ ಅವರ್. ನಮ್ಮ ಕಡೆ ರೈತರ ಮನೆಗಳಲ್ಲಿ ಇದ್ದೇ ಇರುತ್ತದೆ. ಈಗ ಒಂದು ಸಂಜೆ ಪೂರ್ತಿ ಏನೂ ತೊಂದರೆ ಇಲ್ಲದೆ ನಡೆಯುತ್ತದೆ. ವೈರ್ ಹಾಕುವ ಮುಂಚೆ ಪಿನ್ನಿನ ಒಳಗೆ ಪ್ಲಸ್ಸೋ ಹೊರಗೆ ಪ್ಲಸ್ಸೋ ಅಂತ ಮೀಟರ್ ಹಿಡಿದು ನೋಡಲೇಬೇಕು. ನಮ್ಮದಕ್ಕೆ ಒಳಗೆ ಪ್ಲಸ್. ಉಲ್ಟಾ ಕೊಟ್ಟರೆ ಆಗ ನಿಜವಾಗಿಯೂ ಕೆಡುತ್ತದೆ.

ಇನ್ನೊಂದು ವಿಷಯ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿದೆ, ಕೆಲಸ ನಿಂತಿರುವುದು ಅದರ ಮೇಲೆ. ನಕ್ಷತ್ರವನ್ನು ಐಪೀಸಿನ ಮಧ್ಯಕ್ಕೆ ತರುವಾಗ ಕೊನೆಯ ತಳ್ಳು ಯಾವಾಗಲೂ ಮೇಲಿನ ಬಾಣ ಮತ್ತು ಬಲದ ಬಾಣದಿಂದಲೇ ಇರಬೇಕು. ದಾಟಿ ಹೋದರೆ ಸ್ವಲ್ಪ ಜಾಸ್ತಿಯೇ ವಾಪಸ್ ತಂದು, ಮತ್ತೆ ಅದೇ ದಿಕ್ಕಿನಿಂದ ಮಧ್ಯಕ್ಕೆ ತರಬೇಕು. ಯಾಕೆಂದರೆ ಗೇರ್ ಹಲ್ಲುಗಳ ನಡುವೆ ಪ್ಲೇ, ಅಂದರೆ ಸ್ವಲ್ಪ ಸಡಿಲ, ಇರುತ್ತದೆ. ದಿಕ್ಕು ಬದಲಿಸಿದಾಗ ಮೋಟಾರ್ ತಿರುಗುತ್ತದೆ, ಕೊಳವೆ ಕದಲುವುದಿಲ್ಲ. ಮೋಟಾರ್ ಎಷ್ಟು ತಿರುಗಿತು ಅನ್ನುವ ಲೆಕ್ಕವನ್ನೇ ರಿಮೋಟ್ ನಂಬಿಕೊಂಡಿರುತ್ತದೆ. ಒಂದೇ ಕಡೆಯಿಂದ ತಳ್ಳಿದರೆ ಹಲ್ಲು ಹಲ್ಲಿಗೆ ತಾಗಿ ನಿಲ್ಲುತ್ತದೆ, ಲೆಕ್ಕ ತಪ್ಪುವುದಿಲ್ಲ. ಲೇತ್ ಮೇಲೆ ಕೆಲಸ ಮಾಡಿದ ಯಾರಿಗೆ ಹೇಳಿದರೂ ಇದು ತಕ್ಷಣ ಅರ್ಥವಾಗುತ್ತದೆ.

ಗುಂಡಿಗಳ ವೇಗವನ್ನೂ ನಾವೇ ಆರಿಸಿಕೊಳ್ಳಬಹುದು. 9 ಅಂದರೆ ಜೋರು, ದೂರ ತಿರುಗಿಸಲು. ಮಧ್ಯಕ್ಕೆ ತರಲು 4 ಸಾಕು. ಅವತ್ತು ನಾವು ಎಲ್ಲವನ್ನೂ 9ರಲ್ಲೇ ಮಾಡಿದ್ದೆವು. ನಕ್ಷತ್ರ ಕಣ್ಣೆದುರಿಗೆ ಬಂದದ್ದೂ ಗೊತ್ತಾಗಿಲ್ಲ, ಹೋದದ್ದೂ ಗೊತ್ತಾಗಿಲ್ಲ.

ಜನವರಿ 17, ಶನಿವಾರ. ಮಾರನೇ ದಿನ ಅಮಾವಾಸ್ಯೆ, ಚಂದ್ರನ ಬೆಳಕಿಲ್ಲ. ಹಗಲೇ ನಾನೂ ಮೇಡಂ ಅವರೂ ಮೈದಾನಕ್ಕೆ ಹೋಗಿ ಸ್ಟ್ಯಾಂಡ್ ನಿಲ್ಲಿಸಿದೆವು. ಗಾರೆ ಕೆಲಸದವರ ರಸಮಟ್ಟ ಇಟ್ಟು ಕಾಲು ಸರಿ ಮಾಡಿದೆ. ಗುರಿ ಹಿಡಿಯಲು ಕೊಳವೆಯ ಮೇಲೆ ಕೆಂಪು ಚುಕ್ಕೆಯ ಫೈಂಡರ್ ಇರುತ್ತದೆ. ಅದನ್ನು ದೂರದ ಗುಡ್ಡದ ಮೇಲಿನ ಮೊಬೈಲ್ ಟವರಿನ ತುದಿಗೆ ಹೊಂದಿಸಿಕೊಂಡೆವು. ಸೂರ್ಯನಿಗೆ ಬೆನ್ನು ಕೊಟ್ಟೇ ಈ ಕೆಲಸ ಮಾಡಬೇಕು. ಕೊಳವೆಯ ಬಾಯಿಗೆ ಸೋಲಾರ್ ಫಿಲ್ಟರ್ ಇಲ್ಲದೆ ಸೂರ್ಯನ ಹತ್ತಿರ ತಿರುಗಿಸಿ ಕಣ್ಣಿಟ್ಟರೆ ಕ್ಷಣದಲ್ಲಿ ದೃಷ್ಟಿ ಹೋಗುತ್ತದೆ. ಮಕ್ಕಳಿಗೆ ಯಂತ್ರ ಕೊಡುವ ಮುಂಚೆ ಇದನ್ನು ಮೊದಲು ಹೇಳಬೇಕು, ಪ್ರತಿ ಸಲ ಹೇಳಬೇಕು.

ಸಂಜೆ ಏಳೂವರೆಗೆ ರಿಮೋಟ್ ಮಗಳ ಕೈಗೆ ಕೊಟ್ಟೆ. ತಿಂಗಳು 01, ದಿನ 17, ವರ್ಷ 2026. ಡೇಲೈಟ್ ಸೇವಿಂಗ್ ನೋ. ಈ ಸಲ ಪಟ್ಟಿಯಲ್ಲಿ ಆಲ್ಡೆಬರಾನ್ ಅಂತ ಬಂತು. ಅದೇ ನಮ್ಮ ರೋಹಿಣಿ. ನೆತ್ತಿಯಿಂದ ಸ್ವಲ್ಪ ಪೂರ್ವಕ್ಕೆ ಕೆಂಪಗೆ ಹೊಳೆಯುತ್ತಿತ್ತು. ಅಜ್ಜನೇ ಕೋಲು ಎತ್ತಿ ತೋರಿಸಿದರು. ಕೆಂಪು ಚುಕ್ಕೆ ಅದರ ಮೇಲೆ ಕೂರಿಸಿ ಎಂಟರ್, ಐಪೀಸ್ ಮಧ್ಯಕ್ಕೆ ತಂದು ಅಲೈನ್ ಗುಂಡಿ. ಎರಡನೆಯದು ಸಿರಿಯಸ್, ಅಂದರೆ ಲುಬ್ಧಕ. ಅದರ ಕಡೆ ಯಂತ್ರ ತಾನಾಗಿಯೇ ಗರ್ ಅಂತ ತಿರುಗಿತು. 60 ಮಕ್ಕಳು ಉಸಿರು ಬಿಗಿ ಹಿಡಿದು ನಿಂತಿದ್ದರು. ಕೆಂಪು ಚುಕ್ಕೆಯ ಪಕ್ಕದಲ್ಲೇ ಲುಬ್ಧಕ ಇತ್ತು. ಎರಡು ಗುಂಡಿ ಒತ್ತಿ ಮಧ್ಯಕ್ಕೆ ತಂದಳು. ಅಲೈನ್ ಸಕ್ಸಸ್ ಅಂತ ಅಕ್ಷರ ಬಂತು.

ಆಮೇಲೆ ಹೇಳುವುದೇ ಬೇಡ. ಗುರು ಅಂತ ಆರಿಸಿದರೆ ಗುರುವಿನ ಹತ್ತಿರ ಹೋಗಿ ನಿಂತಿತು. ಜನವರಿ 10ಕ್ಕೆ ಗುರು ಸೂರ್ಯನಿಗೆ ನೇರ ಎದುರು ಬಂದಿದ್ದ, ವರ್ಷದಲ್ಲೇ ನಮಗೆ ಹತ್ತಿರ ಇರುವ ಕಾಲ. 10 ಎಂಎಂ ಐಪೀಸ್ ಹಾಕಿ 65 ಪಟ್ಟು ದೊಡ್ಡದು ಮಾಡಿ ನೋಡಿದೆವು. ಮೈಮೇಲಿನ ಎರಡು ಕಂದು ಪಟ್ಟಿ, ಅಕ್ಕಪಕ್ಕ ಸಾಲಾಗಿ ಅವನ ಚಂದ್ರರು. ಶನಿಯ ಬಳೆ ಒಂದು ಗೆರೆಯಷ್ಟೇ ಕಂಡಿತು. ಹೋದ ವರ್ಷ ಮಾರ್ಚ್‌ನಲ್ಲಿ ಬಳೆಯ ಅಂಚು ನೇರ ನಮ್ಮ ಕಡೆಗೇ ಇತ್ತಂತೆ, ಇನ್ನು ಬರಬರುತ್ತಾ ಅಗಲವಾಗಿ ಕಾಣುತ್ತದೆ ಅಂತ ಮೇಡಂ ಹೇಳಿದರು. ನೀಹಾರಿಕೆ, ಗೆಲಾಕ್ಸಿಗಳಿಗೆ ನಂಬರ್ ಕೊಟ್ಟಿರುವ ಎಂ ಅನ್ನುವ ಪಟ್ಟಿ ಇದೆ. ಅದರಲ್ಲಿ 42 ಒತ್ತಿದರೆ ಮಹಾವ್ಯಾಧ ನಕ್ಷತ್ರಪುಂಜದ ಕತ್ತಿಯಲ್ಲಿರುವ ನೀಹಾರಿಕೆ. 31 ಒತ್ತಿದರೆ ಆಂಡ್ರೊಮಿಡಾ ಗೆಲಾಕ್ಸಿ, 25 ಲಕ್ಷ ಬೆಳಕಿನ ವರ್ಷ ದೂರ. ಮಂಜಿನ ಹಾಗೆ ಒಂದು ಮಸುಕು. ಏಳನೇ ಕ್ಲಾಸಿನ ಹುಡುಗಿ ಒಬ್ಬಳು ಅದನ್ನು ನೋಡಿ ಕಣ್ಣು ತೆಗೆಯಲೇ ಇಲ್ಲ. ಹಿಂದಿನವರು ಕೂಗುತ್ತಿದ್ದರು, ಅವಳು ಕದಲಲಿಲ್ಲ. ಯಂತ್ರ ತಾನೇ ಮೆಲ್ಲಗೆ ತಿರುಗುತ್ತಾ ಹಿಡಿದುಕೊಂಡಿತ್ತಲ್ಲ, ಅದು ಕಣ್ಣಿಂದ ಜಾರಿ ಹೋಗುವ ಮಾತೇ ಇರಲಿಲ್ಲ.

ಅಜ್ಜ ಕೊನೆಗೆ ನೋಡಿದರು. ರೋಹಿಣಿ ತೋರಿಸು ಅಂದರು. ಮಗಳು ಮತ್ತೆ ರೋಹಿಣಿಗೆ ತಿರುಗಿಸಿದಳು. ಬಹಳ ಹೊತ್ತು ನೋಡಿ, "ರೋಹಿಣಿ ಮಳೆ ಹೊಯ್ದರೆ ಓಣಿಯೆಲ್ಲಾ ಜೋಳ ಅಂತಾರಲ್ಲ, ಅದು ಇದೇನಾ?" ಅಂದರು. ಆಗ ಒಬ್ಬ ಹುಡುಗ ಕೇಳಿದ, "ಹಂಗಾದ್ರೆ ರೋಹಿಣಿ ಮಳೆ ಬರೋವಾಗ ಈ ನಕ್ಷತ್ರ ಎಲ್ಲಿರುತ್ತೆ ತಾತ?" ಮೇಡಂ ವಿವರಿಸಿದರು. ಮೇ ಕೊನೆಗೆ ಸೂರ್ಯ ಆಕಾಶದಲ್ಲಿ ರೋಹಿಣಿ ಇರುವ ಕಡೆಗೇ ಬರುತ್ತಾನೆ. ಅದಕ್ಕೇ ಆ ಮಳೆಗೆ ರೋಹಿಣಿ ಅಂತ ಹೆಸರು. ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುವುದರಿಂದ ಆಗ ರೋಹಿಣಿ ಕಣ್ಣಿಗೆ ಕಾಣುವುದಿಲ್ಲ. ನನಗೆ 46 ವರ್ಷ. ಪ್ರತಿ ವರ್ಷ ಮಳೆ ನಕ್ಷತ್ರದ ಲೆಕ್ಕ ಹಾಕಿ ಶೇಂಗಾ ಬಿತ್ತುವವರ ಮನೆಯಲ್ಲಿ ಹುಟ್ಟಿದವನು. ಇದು ನನಗೆ ಅವತ್ತೇ ಗೊತ್ತಾದದ್ದು.

ಇದರಿಂದಲೇ ನನ್ನ ಮೊದಲ ಬೇಡಿಕೆ ನಿಮ್ಮ ಪತ್ರಿಕೆಗೆ. ತಿಂಗಳಿಗೊಮ್ಮೆ ಒಂದು ಸಣ್ಣ ಆಕಾಶದ ನಕ್ಷೆ ಹಾಕಿ. ಸಂಜೆ ಎಂಟಕ್ಕೆ ನಮ್ಮ ಕರ್ನಾಟಕದಲ್ಲಿ ಕಾಣುವ ಐದಾರು ದೊಡ್ಡ ನಕ್ಷತ್ರ ಸಾಕು. ಪ್ರತಿಯೊಂದರ ಪಕ್ಕ ನಮ್ಮ ಹೆಸರು, ಜೊತೆಗೆ ರಿಮೋಟಿನಲ್ಲಿ ಬರುವ ಹೆಸರು. ಬೀಟಲ್‌ಜ್ಯೂಸ್ ಅಂದರೆ ಆರಿದ್ರಾ, ಪೋಲಕ್ಸ್ ಅಂದರೆ ಪುನರ್ವಸು, ರೆಗ್ಯುಲಸ್ ಅಂದರೆ ಮಘೆ, ಆಂಟಾರಿಸ್ ಅಂದರೆ ಜ್ಯೇಷ್ಠಾ, ಕನೋಪಸ್ ಅಂದರೆ ಅಗಸ್ತ್ಯ, ಆಲ್ಟೇರ್ ಅಂದರೆ ಶ್ರವಣ. ರಿಮೋಟ್ ಯಾವ ಕಂಪನಿಯದ್ದೇ ಆಗಲಿ, ಸೆಲೆಸ್ಟ್ರಾನ್‌ನ ನೆಕ್ಸ್‌ಸ್ಟಾರ್ ಇರಲಿ, ಸ್ಕೈವಾಚರ್‌ನ ಸಿನ್‌ಸ್ಕ್ಯಾನ್ ಇರಲಿ, ಮೀಡ್‌ನ ಆಟೋಸ್ಟಾರ್ ಇರಲಿ, ನಕ್ಷತ್ರದ ಹೆಸರು ಇವೇ. ಈ ಜೋಡಿ ಹೆಸರು ಗೊತ್ತಿದ್ದರೆ ಹಳ್ಳಿಯ ಮೇಷ್ಟ್ರಿಗೆ ಅರ್ಧ ಕೆಲಸ ಮುಗಿದಂತೆ. ನಮ್ಮ ಹಿರಿಯರಿಗೆ ನಕ್ಷತ್ರ ಗೊತ್ತು, ಮಕ್ಕಳಿಗೆ ರಿಮೋಟ್ ಗೊತ್ತಾಗುತ್ತದೆ. ಇಬ್ಬರ ನಡುವೆ ಇರುವುದು ಈ ಹೆಸರಿನ ಗೋಡೆ ಒಂದೇ.

ಟೆಲಿಸ್ಕೋಪ್ ಕೊಡುವ ದಾನಿಗಳಿಗೆ, ಸಂಸ್ಥೆಗಳಿಗೆ ಕೈಮುಗಿದು ಕೇಳುತ್ತೇನೆ. ಹಗಲು ಬಂದು ಕೊಟ್ಟು ಹೋಗಬೇಡಿ. ಒಂದು ರಾತ್ರಿ ಉಳಿದುಕೊಳ್ಳಿ, ಊಟ ನಾವು ಹಾಕುತ್ತೇವೆ. ಒಬ್ಬ ಮೇಷ್ಟ್ರಿಗಷ್ಟೇ ಕಲಿಸಬೇಡಿ, ಅವರಿಗೆ ವರ್ಗ ಆಗುತ್ತದೆ. ನಾಲ್ಕು ಮಕ್ಕಳಿಗೂ ಊರಿನ ಒಬ್ಬರಿಗೂ ಕಲಿಸಿ. ಪುಸ್ತಕ ಪೂರ್ತಿ ಕನ್ನಡಕ್ಕೆ ಬರದಿದ್ದರೂ ಪರವಾಗಿಲ್ಲ, ಆನ್ ಮಾಡಿದಾಗ ಕೇಳುವ ಪ್ರಶ್ನೆ ಮತ್ತು ನಮ್ಮೂರಿನ ಉತ್ತರ ಇರುವ ಒಂದು ಹಾಳೆ ಕನ್ನಡದಲ್ಲಿ ಕೊಡಿ. ನಾನೂ ಮಗಳೂ ಬರೆದ ಹಾಳೆಯನ್ನು ಲ್ಯಾಮಿನೇಶನ್ ಮಾಡಿಸಿ ಸ್ಟ್ಯಾಂಡಿನ ಕಾಲಿಗೆ ಕಟ್ಟಿದ್ದೇವೆ. ಬೇರೆ ಶಾಲೆಯವರು ಬಂದರೆ ಜೆರಾಕ್ಸ್ ಕೊಡುತ್ತೇವೆ, ಊರಿನ ಡಿಗ್ರಿ ನಿಮಿಷ ಬದಲಿಸಿಕೊಂಡರೆ ಆಯಿತು.

ಶಾಲೆಗಳಿಗೆ ಅನುದಾನ ಬಿಡುವ ಅಧಿಕಾರಿಗಳಲ್ಲೂ ಒಂದು ಮಾತು. ಮಗು ಮುಟ್ಟಿದರೆ ಮುರಿಯುತ್ತದೆ ಅನ್ನುವ ಹೆದರಿಕೆಗೆ ಹೆಡ್ ಮಾಸ್ಟರ್‌ಗಳು ಬೀಗ ಹಾಕುತ್ತಾರೆ. ಆ ಹೆದರಿಕೆ ಅವರಿಂದ ತೆಗೆಯಿರಿ. ರಿಪೇರಿಗೆ ಅಂತ ವರ್ಷಕ್ಕೆ ಸ್ವಲ್ಪ ದುಡ್ಡು ಇಡಿ. ಲಡಾಖ್‌ನ ಹಾನ್ಲೆಯಲ್ಲಿ ಸುಮಾರು 4500 ಮೀಟರ್ ಎತ್ತರದಲ್ಲಿ 2 ಮೀಟರಿನ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಇದೆ. ಅದನ್ನು ನಡೆಸುವುದು ನಮ್ಮ ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕೂತು, ಉಪಗ್ರಹದ ಮೂಲಕ. ನಮ್ಮ ತಾಲ್ಲೂಕಿನ ಕುದಾಪುರದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಇದೆ. ದೊಡ್ಡ ದೊಡ್ಡ ಯಂತ್ರಗಳಿಗೆ ದೂರದಿಂದ ಆಜ್ಞೆ ಕೊಡುವ ಕೆಲಸಕ್ಕೆ ನಾಳೆ ಹೋಗಬೇಕಾದವರು ಈ ಮಕ್ಕಳೇ ಅಲ್ವಾ? ಆ ಕೆಲಸದ ಮೊದಲ ಪಾಠ ಈ ಸಣ್ಣ ರಿಮೋಟಿನಲ್ಲಿದೆ.

ಮಾರ್ಚ್ 3ಕ್ಕೆ ಚಂದ್ರಗ್ರಹಣ. ನಮ್ಮಲ್ಲಿ ಚಂದ್ರ ಹುಟ್ಟುವಾಗಲೇ ಗ್ರಹಣ ಹಿಡಿದಿರುತ್ತದೆ, ಸಂಜೆ 6 ಗಂಟೆ 47 ನಿಮಿಷಕ್ಕೆ ನೆರಳು ಬಿಡುತ್ತದೆ. ನಮಗೆ ಸಿಗುವುದು ಸುಮಾರು 20 ನಿಮಿಷ. ಆಗ ಇನ್ನೂ ನಕ್ಷತ್ರ ಕಾಣುವುದಿಲ್ಲ, ರೋಹಿಣಿ ಹಿಡಿದು ಹೊಂದಿಸಲು ಆಗುವುದಿಲ್ಲ. ನಮ್ಮ ರಿಮೋಟಿನಲ್ಲಿ ಚಂದ್ರನನ್ನೇ ಹಿಡಿದು ಅಲೈನ್ ಮಾಡುವ ದಾರಿಯೂ ಇದೆ, ಮೆನುವಿನಲ್ಲಿ ಸ್ವಲ್ಪ ಒಳಗಡೆ. ಮಗಳು, ಅವಳ ಕ್ಲಾಸಿನ ಇನ್ನು ಮೂವರು ಈಗ ದಿನಾ ಸಂಜೆ ಅಂಗಡಿಗೆ ಬಂದು ಅದನ್ನೇ ಅಭ್ಯಾಸ ಮಾಡುತ್ತಿದ್ದಾರೆ. ಪೂರ್ವಕ್ಕೆ ಶಾಲೆಯ ಹುಣಸೆಮರ ಅಡ್ಡ ಬರುತ್ತದೆ. ಅದಕ್ಕೇ ಅವತ್ತು ಸ್ಟ್ಯಾಂಡನ್ನು ಕೆರೆ ಏರಿಯ ಮೇಲೆ ಇಡುತ್ತೇವೆ. ಅಕ್ಕಪಕ್ಕದ ಊರಿನ ಮೇಷ್ಟ್ರುಗಳು ತಮ್ಮ ಶಾಲೆಯ ಪೆಟ್ಟಿಗೆ ಹೊತ್ತುಕೊಂಡು ಬಂದರೆ ಐದು ಗಂಟೆಗೇ ಬನ್ನಿ, ಬ್ಯಾಟರಿ ನಾನು ತಂದಿರುತ್ತೇನೆ.

ಇಂತಿ,
ಮೋಟಾರ್ ರೀವೈಂಡಿಂಗ್ ಕೆಲಸದವನು,
ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ